ಎ ನ್ಯೂ ನೇಷನ್ ವೋಟ್ಸ್: ಹಳೆಯ ಗವರ್ನರ್ ಚುನಾವಣೆಗಳ ಈ ಲೆಕ್ಕವನ್ನು ಓದುವುದು ಹೇಗೆ, ನಂಬುವುದು ಎಷ್ಟು

1804ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಹುದ್ದೆಗೆ ನಿಂತಿದ್ದ ಏರನ್ ಬರ್, ಮಾರ್ಗನ್ ಲೂಯಿಸ್ ಎದುರು 8,690 ಮತಗಳಿಂದ ಸೋತರು. ಇಷ್ಟನ್ನು ಅಮೆರಿಕದ ಇತಿಹಾಸದ ಯಾವ ಪುಸ್ತಕವಾದರೂ ಹೇಳುತ್ತದೆ, ಅದೂ ಆ ವರ್ಷದ ಜುಲೈ 11ರಂದು ಫೆಡರಲಿಸ್ಟ್ ಪಕ್ಷದ ನಾಯಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಜೊತೆ ನಡೆದ ದ್ವಂದ್ವಯುದ್ಧಕ್ಕೆ ಪೀಠಿಕೆಯಾಗಿ. ಬರ್‌ಗೆ ನಗರದಲ್ಲಿ ಎಷ್ಟು ಬಿತ್ತು, ಹಡ್ಸನ್ ನದಿಯ ಆಚೀಚಿನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ವಿಭಾಗಗಳಲ್ಲಿ) ಎಷ್ಟು ಬಿತ್ತು ಎಂದು ಕೇಳಿದರೆ ಹೆಚ್ಚಿನ ಪುಸ್ತಕಗಳ ಬಾಯಿ ಕಟ್ಟುತ್ತದೆ. ಆ ಬಗೆಯ ಪ್ರಶ್ನೆ ಇರುವವರಿಗಾಗಿಯೇ ಇರುವುದು ‘ಎ ನ್ಯೂ ನೇಷನ್ ವೋಟ್ಸ್’ ಎಂಬ ಜಾಲತಾಣ. 1787ರಿಂದ 1825ರವರೆಗೆ ಅಮೆರಿಕದಲ್ಲಿ ನಡೆದ ಚುನಾವಣೆಗಳ ಮತಲೆಕ್ಕವನ್ನು ರಾಜ್ಯ, ಕೌಂಟಿ, ಸಿಕ್ಕಲ್ಲೆಲ್ಲ ಪಟ್ಟಣದ ಮಟ್ಟದವರೆಗೆ ಇಳಿಸಿ ಕೊಡುತ್ತದೆ. ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಟಫ್ಟ್ಸ್ ವಿಶ್ವವಿದ್ಯಾಲಯ ಮತ್ತು ವೂಸ್ಟರ್ ನಗರದ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಸೇರಿ ಇದನ್ನು ಕಟ್ಟಿವೆ.

ಅಧ್ಯಕ್ಷರ ಚುನಾವಣೆ, ಕಾಂಗ್ರೆಸ್ ಚುನಾವಣೆ, ಕೌಂಟಿಯ ಸಣ್ಣಪುಟ್ಟ ಹುದ್ದೆಗಳು, ಎಲ್ಲವೂ ಇಲ್ಲಿವೆ. ಈ ವಿಮರ್ಶೆ ಗವರ್ನರ್ ಚುನಾವಣೆಗಳಿಗೆ ಮಾತ್ರ. ಕಾರಣ ಸರಳ: ಆ ಕಾಲದಲ್ಲಿ ಇಡೀ ರಾಜ್ಯದ ಮತದಾರರು ಒಂದೇ ಹೆಸರಿನ ಮೇಲೆ ತೀರ್ಪು ಕೊಡುತ್ತಿದ್ದ ಮುಖ್ಯ ಸಂದರ್ಭ ಹಲವು ಕಡೆ ಇದೇ. ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳಾದ ಎಲೆಕ್ಟರುಗಳನ್ನು ಎಷ್ಟೋ ರಾಜ್ಯಗಳಲ್ಲಿ ಶಾಸನಸಭೆಯೇ ಆರಿಸುತ್ತಿತ್ತು. ಹಾಗಾಗಿ 1800ರಿಂದ 1825ರ ನಡುವಿನ ಪಕ್ಷಗಳ ನಿಜವಾದ ಬಲ ಅಳೆಯಬೇಕೆಂದರೆ ಗವರ್ನರ್ ಮತಗಳಿಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಮತಗಳ ಸಂಖ್ಯೆಗೆ ಈ ತಾಣದಷ್ಟು ಗಟ್ಟಿ ಆಧಾರ ಬೇರೆ ಇಲ್ಲ, ಆದರೆ ‘ಯಾರು ಗವರ್ನರ್ ಆದರು’ ಎಂಬುದಕ್ಕೆ ಬರೀ ಇದನ್ನೇ ನೆಚ್ಚಿಕೊಂಡರೆ ಮೋಸಹೋಗುತ್ತೀರಿ. ಆಯಾ ರಾಜ್ಯದ ಸಂವಿಧಾನ ಪಕ್ಕದಲ್ಲಿ ತೆರೆದಿರಲೇಬೇಕು.

ಈ ಲೆಕ್ಕ ಎಲ್ಲಿಂದ ಬಂತು ಎಂಬುದು ಅದರ ಗುಣದೋಷ ಎರಡನ್ನೂ ನಿರ್ಧರಿಸುತ್ತದೆ. ಸರ್ಕಾರದ ಕಡೆಯಿಂದ ಇಡೀ ದೇಶಕ್ಕೆ ಒಂದು ದಾಖಲೆ ಆಗ ಇರಲಿಲ್ಲ. ರಾಜ್ಯಗಳ ಕಚೇರಿಗೆ ಬಂದ ಮೂಲ ಪಟ್ಟಿಗಳಲ್ಲಿ ಎಷ್ಟೋ ಉಳಿದಿಲ್ಲ. ಉಳಿದದ್ದು ಪತ್ರಿಕೆಗಳು. ಏಪ್ರಿಲ್ ಚುನಾವಣೆ ಮುಗಿದ ಮೇಲೆ ವಾರಗಟ್ಟಲೆ ಪ್ರತಿ ಸಂಚಿಕೆಯಲ್ಲೂ ಪಟ್ಟಣಗಳ ಲೆಕ್ಕ ಬಂದಬಂದಂತೆ ಅಚ್ಚಾಗುತ್ತಿತ್ತು, ಎಷ್ಟೋ ಸಲ ಹಿಂದಿನ ವರ್ಷದ ಅಂಕಿಯನ್ನು ಪಕ್ಕದಲ್ಲಿಟ್ಟು. ಫಿಲಿಪ್ ಲ್ಯಾಂಪಿ ಎಂಬವರು 1960ರ ಸುಮಾರಿಗೆ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಈ ಪತ್ರಿಕೆಗಳಿಂದ ಅಂಕಿಗಳನ್ನು ಕೈಯಲ್ಲಿ ಬರೆದುಕೊಳ್ಳತೊಡಗಿದರು. ವಿಶ್ವವಿದ್ಯಾಲಯದ ಹುದ್ದೆಯಾಗಲಿ ಪದವಿಯಾಗಲಿ ಬೆನ್ನಿಗಿರಲಿಲ್ಲ. ಸಿಕ್ಕ ಕೆಲಸ ಮಾಡಿಕೊಂಡು ಊರೂರಿನ ಗ್ರಂಥಾಲಯ ಸುತ್ತಿ ದಶಕಗಳ ಕಾಲ ಬರೆದರು. ಆರಂಭ ಕಾಲದ ಅಮೆರಿಕನ್ ಪತ್ರಿಕೆಗಳ ಅತಿ ದೊಡ್ಡ ಸಂಗ್ರಹ ಇರುವ ಆಂಟಿಕ್ವೇರಿಯನ್ ಸೊಸೈಟಿಗೆ ಆ ಹಾಳೆಗಳು ಸೇರಿ, ಮುಂದೆ ಸರ್ಕಾರಿ ಅನುದಾನದ ನೆರವಿನಲ್ಲಿ ಗಣಕಕ್ಕೆ ಏರಿದವು. ಹಲವು ಪುಟಗಳಲ್ಲಿ ಅವರ ಕೈಬರಹದ ಹಾಳೆಯ ಚಿತ್ರವೂ ಇದೆ. ಅಂಕಿಯೊಂದು ಅನುಮಾನ ಹುಟ್ಟಿಸಿದಾಗ ನೋಡಬೇಕಾದದ್ದು ಅದನ್ನೇ. 1ನ್ನು 7 ಎಂದು ಓದಿ ಗಣಕಕ್ಕೆ ಏರಿಸಿರುವ ಸಾಧ್ಯತೆ ಅಲ್ಲಿಯೇ ಬಗೆಹರಿಯುತ್ತದೆ.

ಬಳಸುವ ಕ್ರಮ ಕಷ್ಟವಿಲ್ಲ. ರಾಜ್ಯ, ವರ್ಷ, ಹುದ್ದೆ ಈ ಮೂರನ್ನು ಆರಿಸಿಕೊಂಡರೆ ಚುನಾವಣೆಯ ಪುಟ ಸಿಗುತ್ತದೆ. ಮೇಲೆ ಅಭ್ಯರ್ಥಿಗಳ ಹೆಸರು, ಪಕ್ಷ, ಒಟ್ಟು ಮತ. ಕೆಳಗೆ ಕೌಂಟಿವಾರು, ಕೆಲವೆಡೆ ಪಟ್ಟಣವಾರು ಕೋಷ್ಟಕ. ಅದಕ್ಕೂ ಕೆಳಗೆ ಅಡಿಟಿಪ್ಪಣಿ, ಮತ್ತು ಯಾವ ಪತ್ರಿಕೆಯ ಯಾವ ತಾರೀಖಿನ ಸಂಚಿಕೆಯಿಂದ ಅಂಕಿ ಬಂತು ಎಂಬ ವಿವರ. ಅಭ್ಯರ್ಥಿಯ ಹೆಸರಿನಿಂದ ಹುಡುಕುವುದಾದರೆ ಕುಲನಾಮವನ್ನಷ್ಟೇ ಕೊಟ್ಟು ಸುಮ್ಮನಿರಬೇಡಿ. ‘ಕಿಂಗ್’ ಎಂದು ಹುಡುಕಿದರೆ 1816ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಟಾಂಪ್ಕಿನ್ಸ್ ಎದುರು ಸೋತ ಫೆಡರಲಿಸ್ಟ್ ರೂಫಸ್ ಕಿಂಗ್ ಸಿಗುತ್ತಾರೆ, 1820ರಲ್ಲಿ ಮೇನ್ ರಾಜ್ಯದ ಮೊದಲ ಗವರ್ನರ್ ಆದ ವಿಲಿಯಂ ಕಿಂಗ್ ಕೂಡ ಸಿಗುತ್ತಾರೆ. ಇಬ್ಬರೂ ಮಲಸಹೋದರರು, ಪಕ್ಷ ಬೇರೆ ಬೇರೆ. ಪ್ರತಿ ಅಭ್ಯರ್ಥಿಗೂ ತಾಣ ಒಂದು ಗುರುತಿನ ಸಂಖ್ಯೆ ಕೊಟ್ಟಿದೆ. ಅಂಕಿಗಳನ್ನು ಒಟ್ಟುಗೂಡಿಸುವಾಗ ಹೆಸರನ್ನಲ್ಲ, ಆ ಸಂಖ್ಯೆಯನ್ನು ಹಿಡಿಯಿರಿ.

ಮೊದಲ ಪರೀಕ್ಷೆಗೆ ನ್ಯೂಯಾರ್ಕ್ 1804 ಹೇಳಿಮಾಡಿಸಿದ ಪುಟ. ಮತದಾನ ಏಪ್ರಿಲ್ ಕೊನೆಯ ಮಂಗಳವಾರ ಶುರುವಾಗಿ ಮೂರು ದಿನ ನಡೆಯುತ್ತಿತ್ತು. ಒಟ್ಟು ಲೂಯಿಸ್‌ಗೆ 30,829, ಬರ್‌ಗೆ 22,139. ಕೌಂಟಿಗಳ ಸಾಲುಗಳನ್ನು ಒಂದೊಂದಾಗಿ ನೋಡಿದರೆ ಬರ್ ರಾಜ್ಯದೆಲ್ಲೆಡೆ ಕೊಚ್ಚಿಹೋಗಲಿಲ್ಲ ಎಂಬುದು ತಿಳಿಯುತ್ತದೆ. ಇಲ್ಲೇ ಮೊದಲ ಗುಂಡಿಯೂ ಇದೆ. ಅದೇ ಕೌಂಟಿಯಲ್ಲಿ ಅದೇ ವಾರ ನಡೆದ ಅಸೆಂಬ್ಲಿ (ರಾಜ್ಯ ಶಾಸನಸಭೆಯ ಕೆಳಮನೆ) ಚುನಾವಣೆಯ ಮತಗಳನ್ನು ಪಕ್ಕದಲ್ಲಿಟ್ಟರೆ ಗವರ್ನರ್‌ಗೆ ಬಿದ್ದದ್ದು ಕಡಿಮೆ ಕಾಣುತ್ತದೆ. ಜನಕ್ಕೆ ಗವರ್ನರ್ ಚುನಾವಣೆಯಲ್ಲಿ ಆಸಕ್ತಿ ಇರಲಿಲ್ಲ ಎಂದು ಬರೆದುಬಿಡುವವರಿದ್ದಾರೆ. ನಿಜ ಸಂಗತಿ 1777ರ ಸಂವಿಧಾನದಲ್ಲಿದೆ: ಗವರ್ನರ್ ಮತ್ತು ಸೆನೆಟ್‌ಗೆ ಮತ ಹಾಕಲು 100 ಪೌಂಡ್ ಬೆಲೆಯ ಸ್ವಂತ ಭೂಮಿ ಬೇಕಿತ್ತು. ಆ ರಾಜ್ಯದಲ್ಲಿ ಎಂಟು ಶಿಲ್ಲಿಂಗಿಗೆ ಒಂದು ಡಾಲರ್, ಅಂದರೆ 250 ಡಾಲರ್. ಅಸೆಂಬ್ಲಿಗೆ 20 ಪೌಂಡ್‌ನ ಭೂಮಿ ಸಾಕು. ವರ್ಷಕ್ಕೆ 40 ಶಿಲ್ಲಿಂಗ್ ಬಾಡಿಗೆ ಕೊಟ್ಟು ತೆರಿಗೆ ಕಟ್ಟುವವರೂ ಹಾಕಬಹುದಿತ್ತು. ಒಂದೇ ಊರಿನಲ್ಲಿ ಎರಡು ಮತದಾರರ ಪಟ್ಟಿ ಇದ್ದಂತೆ. ಬಾಡಿಗೆದಾರರೇ ತುಂಬಿದ್ದ ನ್ಯೂಯಾರ್ಕ್ ನಗರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಅದೇ ರಾಜ್ಯದ 1820 ಮತ್ತು 1822ರ ಪುಟಗಳನ್ನು ಒಟ್ಟಿಗೆ ತೆರೆದು ನೋಡಿ. 1820ರಲ್ಲಿ ಡಿವಿಟ್ ಕ್ಲಿಂಟನ್‌ಗೆ 47,447, ಟಾಂಪ್ಕಿನ್ಸ್‌ಗೆ 45,990. ರಾಜ್ಯವೇ ಇಬ್ಭಾಗವಾದ ಹಣಾಹಣಿ, ಒಟ್ಟು 93,437. 1822ರಲ್ಲಿ ಜೋಸೆಫ್ ಯೇಟ್ಸ್‌ಗೆ 128,493, ಎದುರಾಳಿ ಸಾಲೊಮನ್ ಸೌತ್‌ವಿಕ್‌ಗೆ ಬರೀ 2,910. ಸ್ಪರ್ಧೆಯೇ ಇಲ್ಲದ ಚುನಾವಣೆಗೆ ಹೆಚ್ಚು ಜನ ಬಂದದ್ದು ಹೇಗೆ? ನಡುವೆ 1821ರ ಸಂವಿಧಾನ ಬಂತು. ತೆರಿಗೆ ಕಟ್ಟಿದ, ಮಿಲಿಷಿಯಾ ಎಂಬ ನಾಗರಿಕ ಪಡೆಯಲ್ಲಿ ಸೇವೆ ಸಲ್ಲಿಸಿದ, ರಸ್ತೆ ಕೆಲಸ ಮಾಡಿದ ಬಿಳಿಯ ಗಂಡಸರಿಗೆ ಆಸ್ತಿಯ ಷರತ್ತು ಹೋಯಿತು. ಕಪ್ಪು ಜನರಿಗೆ ಮಾತ್ರ 250 ಡಾಲರ್ ಆಸ್ತಿಯ ಷರತ್ತನ್ನು ಉಳಿಸಿಕೊಂಡರು. ಗವರ್ನರ್ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು, ಮತದಾನ ಏಪ್ರಿಲ್‌ನಿಂದ ನವೆಂಬರಿಗೆ ಹೋಯಿತು. ತಾಣದ ಕೋಷ್ಟಕ ಇದಾವುದನ್ನೂ ಹೇಳುವುದಿಲ್ಲ. ಅಂಕಿಗಳ ಗ್ರಾಫ್ ಹಾಕುವವರು 1821ರ ಹತ್ತಿರ ಒಂದು ಲಂಬಗೆರೆ ಎಳೆದು, ಅದರ ಎಡಕ್ಕಿರುವುದನ್ನು ಬಲಕ್ಕಿರುವುದರ ಜೊತೆ ಹೋಲಿಸದಿರುವುದೇ ಕ್ಷೇಮ.

ಪಕ್ಷದ ಹೆಸರುಗಳಲ್ಲಿ ಎಚ್ಚರ ಬೇಕು. ಇಲ್ಲಿ ‘ರಿಪಬ್ಲಿಕನ್’ ಎಂದರೆ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಪಕ್ಷ, 1850ರ ದಶಕದಲ್ಲಿ ಹುಟ್ಟಿದ ಈಗಿನ ರಿಪಬ್ಲಿಕನ್ ಪಕ್ಷ ಅಲ್ಲ. ಅದರ ಎದುರಾಳಿ ಪಕ್ಷವೇ ಫೆಡರಲಿಸ್ಟ್. ಅಷ್ಟಕ್ಕೇ ಮುಗಿಯುವುದಿಲ್ಲ. 1804ರಲ್ಲಿ ಬರ್, ಲೂಯಿಸ್ ಇಬ್ಬರೂ ರಿಪಬ್ಲಿಕನ್ನರೇ. ಬರ್‌ಗೆ ಫೆಡರಲಿಸ್ಟರ ಒಂದು ಗುಂಪಿನ ಬೆಂಬಲವೂ ಇತ್ತು, ಹ್ಯಾಮಿಲ್ಟನ್ ಓಡಾಡಿದ್ದೂ ಅದನ್ನು ತಡೆಯಲಿಕ್ಕೇ. 1805ರ ಪೆನ್ಸಿಲ್ವೇನಿಯಾದಲ್ಲಿ ಥಾಮಸ್ ಮೆಕೀನ್ 43,644 ಮತ ಪಡೆದು ಸೈಮನ್ ಸ್ನೈಡರ್ ಅವರ 38,483ನ್ನು ಮೀರಿದ್ದು ಸೀಳಿಹೋದ ರಿಪಬ್ಲಿಕನ್ನರ ಒಂದು ಬಣ ಮತ್ತು ಫೆಡರಲಿಸ್ಟರು ಕೈಜೋಡಿಸಿದ್ದರಿಂದ. ಪಕ್ಷದ ಕಾಲಂ ಮೇಲೆ ಫಿಲ್ಟರ್ ಹಾಕಿ ‘ಫೆಡರಲಿಸ್ಟ್ ಮತ’ ಕೂಡಿಸಿದರೆ ಇಂಥ ವರ್ಷಗಳಲ್ಲಿ ಆ ಪಕ್ಷವೇ ಮಾಯವಾದಂತೆ ಕಾಣುತ್ತದೆ. ಅದು ಅಭ್ಯರ್ಥಿಯನ್ನು ನಿಲ್ಲಿಸಿರಲಿಲ್ಲ, ಅಷ್ಟೇ. ಮತದಾರರು ಎಲ್ಲಿಗೂ ಹೋಗಿರಲಿಲ್ಲ. ಪಕ್ಷದ ಹಣೆಪಟ್ಟಿಯನ್ನು ಸುಳಿವೆಂದು ತೆಗೆದುಕೊಳ್ಳಿ, ಲೆಕ್ಕದ ಆಧಾರವಾಗಿ ಬೇಡ. ತಾಣದ ದುರ್ಬಲ ಭಾಗ ಯಾವುದೆಂದು ಕೇಳಿದರೆ ಈ ಕಾಲಂ ಎಂದೇ ಹೇಳಬೇಕು, ಆದರೆ ತಪ್ಪು ತಾಣದ್ದಲ್ಲ. ಆ ಕಾಲದ ಪಕ್ಷಗಳೇ ಅಷ್ಟು ಸಡಿಲ.

ತಾಣದ ನಿಜವಾದ ಸಂಪತ್ತು ಮ್ಯಾಸಚೂಸೆಟ್ಸ್. ಇಲ್ಲಿ ಗವರ್ನರ್ ಚುನಾವಣೆ ಪ್ರತಿ ವರ್ಷ, ಏಪ್ರಿಲ್ ಮೊದಲ ಸೋಮವಾರ. ಲೆಕ್ಕ ಪಟ್ಟಣವಾರು ಸಿಗುತ್ತದೆ. ಕಾಲು ಶತಮಾನದಲ್ಲಿ ಒಂದೊಂದು ಪಟ್ಟಣದ ನಾಡಿಮಿಡಿತ ವರ್ಷ ತಪ್ಪದೆ ದಾಖಲಾಗಿರುವುದು ಜಗತ್ತಿನ ಎಷ್ಟು ಕಡೆ ಇದೆ? ಇದು ಸಾಧ್ಯವಾದದ್ದು 1780ರ ಸಂವಿಧಾನ ವಿಧಿಸಿದ ಕಟ್ಟುನಿಟ್ಟಿನ ಕ್ರಮದಿಂದ. ಮತವನ್ನು ಬರಹದಲ್ಲೇ ಕೊಡಬೇಕು. ಪಟ್ಟಣದ ಗುಮಾಸ್ತರು ಸೆಲೆಕ್ಟ್‌ಮನ್ ಎಂಬ ಪಟ್ಟಣ ಮುಖ್ಯಸ್ಥರ ಸಮ್ಮುಖದಲ್ಲಿ, ತೆರೆದ ಸಭೆಯಲ್ಲೇ ಚೀಟಿಗಳನ್ನು ವಿಂಗಡಿಸಿ ಎಣಿಸಬೇಕು. ಪ್ರತಿ ಹೆಸರಿನ ಎದುರು ಮತಗಳ ಸಂಖ್ಯೆ ಬರೆದ ಪಟ್ಟಿಯನ್ನು ಪಟ್ಟಣದ ಪುಸ್ತಕಕ್ಕೆ ಏರಿಸಿ, ಸಭೆಗೆ ಓದಿ ಹೇಳಿ, ಅದರ ಒಂದು ನಕಲನ್ನು ಅಲ್ಲೇ ಮೊಹರು ಮಾಡಬೇಕು. ಅದು ಮೇ ತಿಂಗಳ ಕೊನೆಯ ಬುಧವಾರಕ್ಕೆ ಕನಿಷ್ಠ 30 ದಿನ ಮುಂಚೆ ಕೌಂಟಿಯ ಕಾನೂನು ಅಧಿಕಾರಿಯಾದ ಷೆರಿಫ್‌ಗೆ, 17 ದಿನ ಮುಂಚೆ ರಾಜ್ಯದ ಕಾರ್ಯದರ್ಶಿ ಕಚೇರಿಗೆ ಮುಟ್ಟಬೇಕು. ಸೆಲೆಕ್ಟ್‌ಮನ್‌ಗಳು ನೇರವಾಗಿ ಕಾರ್ಯದರ್ಶಿಗೇ ಕಳಿಸುವ ಅವಕಾಶವೂ ಇತ್ತು. ಆಮೇಲೆ ಶಾಸನಸಭೆ ಅದನ್ನು ಪರಿಶೀಲಿಸಿ ಘೋಷಿಸುತ್ತದೆ.

ಈ ದಾರಿ ಗೊತ್ತಿದ್ದರೆ ಅಂಕಿಗಳು ಎಲ್ಲಿ ಸೋರುತ್ತವೆ ಎಂಬುದೂ ಗೊತ್ತಾಗುತ್ತದೆ. ತಡವಾಗಿ ಬಂದ, ಮೊಹರಿಲ್ಲದ, ಸಹಿಯಿಲ್ಲದ ಪಟ್ಟಿ ಅಧಿಕೃತ ಲೆಕ್ಕಕ್ಕೆ ಸೇರದೆ ಹೋಗಬಹುದು. ಪತ್ರಿಕೆ ಅದನ್ನು ಮೊದಲೇ ಅಚ್ಚು ಹಾಕಿರುತ್ತದೆ. ಪತ್ರಿಕೆಯ ಒಟ್ಟು ಮತ್ತು ರಾಜ್ಯದ ಒಟ್ಟು ಹತ್ತಿಪ್ಪತ್ತರಿಂದ ಹಿಡಿದು ನೂರಾರು ಮತಗಳವರೆಗೆ ಬೇರೆಯಾಗುವುದು ಹೀಗೆ. ಕೈಬರಹದ ಚೀಟಿಯಾದ್ದರಿಂದ ಹೆಸರಿನ ಕಾಗುಣಿತ ಕೆಟ್ಟರೆ ಅದು ಬೇರೆಯದೇ ಅಭ್ಯರ್ಥಿಯಾಗಿ ಕೂರುವ ಅಪಾಯವೂ ಇತ್ತು. ಎರಡು ಮೂಲಗಳ ಅಂಕಿ ಹೊಂದದಿದ್ದರೆ ‘ತಾಣ ತಪ್ಪು’ ಎಂದು ಹಾರುವ ಮುನ್ನ ಅಡಿಟಿಪ್ಪಣಿ ಓದಿ, ಯಾವ ಪಟ್ಟಣ ಬಿಟ್ಟುಹೋಗಿದೆ ಎಂದು ಸಾಲುಸಾಲಾಗಿ ಹುಡುಕಿ. ಸಾಮಾನ್ಯವಾಗಿ ಒಂದೆರಡು ಪಟ್ಟಣಗಳಲ್ಲೇ ಇಡೀ ವ್ಯತ್ಯಾಸ ಅಡಗಿರುತ್ತದೆ.

ಚಿಲ್ಲರೆ ಮತಗಳನ್ನು, ಪತ್ರಿಕೆಗಳು ‘ಸ್ಕ್ಯಾಟರಿಂಗ್’ ಎಂದು ಒಂದೇ ಸಾಲಿನಲ್ಲಿ ಕಟ್ಟಿಹಾಕುತ್ತಿದ್ದವನ್ನು, ಕಡೆಗಣಿಸಬೇಡಿ. ನ್ಯೂ ಇಂಗ್ಲೆಂಡ್ ಎನ್ನುವ ಈಶಾನ್ಯ ರಾಜ್ಯಗಳಲ್ಲಿ ಗವರ್ನರ್ ಆಗಲು ಎಲ್ಲರಿಗಿಂತ ಹೆಚ್ಚು ಮತ ಬಂದರೆ ಸಾಲದು, ಚಲಾವಣೆಯಾದ ಒಟ್ಟು ಮತದಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಯಾರಿಗೂ ಅದು ಸಿಗದಿದ್ದರೆ ಮೊದಲ ನಾಲ್ವರಲ್ಲಿ ಇಬ್ಬರನ್ನು ಕೆಳಮನೆ ಆರಿಸಿ ಕಳಿಸುತ್ತದೆ, ಅವರಲ್ಲಿ ಒಬ್ಬರನ್ನು ಸೆನೆಟ್ ಆರಿಸುತ್ತದೆ. ಯಾರೋ ತಮಾಷೆಗೆ ನೆರೆಯವನ ಹೆಸರು ಬರೆದು ಹಾಕಿದ ಚೀಟಿಯೂ ಗೆಲುವಿನ ಗೆರೆಯನ್ನು ಮೇಲಕ್ಕೆ ದೂಡುತ್ತದೆ. ಇದರ ಅತಿ ತೀವ್ರ ಉದಾಹರಣೆ ತಾಣದ ಅವಧಿ ಮುಗಿದ ಮೇಲೆ ಬರುತ್ತದೆ: 1839ರಲ್ಲಿ ಒಟ್ಟು 102,066 ಮತ, ಬೇಕಾದದ್ದು 51,034, ಮಾರ್ಕಸ್ ಮಾರ್ಟನ್‌ಗೆ ಬಿದ್ದದ್ದು ಸರಿಯಾಗಿ 51,034. ಎದುರಾಳಿ ಎಡ್ವರ್ಡ್ ಎವರೆಟ್‌ಗೆ 50,725. ಅಂತರ 309 ಎಂದು ಕಂಡರೂ ಗೆದ್ದದ್ದು ಒಂದೇ ಮತದಿಂದ, ಏಕೆಂದರೆ ನಡುವೆ 307 ಚಿಲ್ಲರೆ ಮತಗಳಿದ್ದವು. ಗೆದ್ದವರು, ಸೋತವರು ಎಂದು ಎರಡೇ ಕಾಲಂ ಇಟ್ಟುಕೊಂಡು ಶೇಕಡಾವಾರು ತೆಗೆಯುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

1812ರ ಪುಟವನ್ನಂತೂ ಬಿಡಲೇಬಾರದು. ಗವರ್ನರ್ ಎಲ್ಬ್ರಿಜ್ ಗೆರಿ ಆ ವರ್ಷದ ಫೆಬ್ರವರಿಯಲ್ಲಿ ಸೆನೆಟ್ ಕ್ಷೇತ್ರಗಳನ್ನು ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಕತ್ತರಿಸಿದ ಮಸೂದೆಗೆ ಸಹಿ ಹಾಕಿದರು. ಎಸೆಕ್ಸ್ ಕೌಂಟಿಯ ವಕ್ರ ಕ್ಷೇತ್ರಕ್ಕೆ ರೆಕ್ಕೆ, ಉಗುರು ಬರೆದ ವ್ಯಂಗ್ಯಚಿತ್ರ ಮಾರ್ಚ್‌ನಲ್ಲಿ ಬಾಸ್ಟನ್ ಗೆಜೆಟ್‌ನಲ್ಲಿ ಬಂತು. ಏಪ್ರಿಲ್ 6ರ ಚುನಾವಣೆಯಲ್ಲಿ ಕೇಲಬ್ ಸ್ಟ್ರಾಂಗ್‌ಗೆ 52,696, ಗೆರಿಗೆ 51,326. ಗವರ್ನರ್ ಹುದ್ದೆಗೆ ಕ್ಷೇತ್ರದ ಗೆರೆ ಇಲ್ಲವಲ್ಲ, ಇಡೀ ರಾಜ್ಯವೇ ಒಂದು ಕ್ಷೇತ್ರ. ಹಾಗಾಗಿ ಗೆರಿ ಸೋತರು. ಸೆನೆಟ್‌ನಲ್ಲಿ ಮಾತ್ರ ಅವರ ಪಕ್ಷ ಕಡಿಮೆ ಮತ ಪಡೆದೂ 40ರಲ್ಲಿ 29 ಸ್ಥಾನ ಹಿಡಿಯಿತು. ಗವರ್ನರ್‌ಗೆ ಬಿದ್ದ ಪಟ್ಟಣವಾರು ಮತಗಳನ್ನು ತೆಗೆದುಕೊಂಡು ಹೊಸ ಸೆನೆಟ್ ಕ್ಷೇತ್ರಗಳ ಪ್ರಕಾರ ಗುಂಪು ಮಾಡಿ ನೋಡಿದರೆ, ಯಾವ ಪಟ್ಟಣವನ್ನು ಯಾವ ಕಡೆ ತಳ್ಳಿದ್ದರಿಂದ ಎಷ್ಟು ಲಾಭವಾಯಿತು ಎಂಬುದು ಕೈಗೆ ಸಿಗುತ್ತದೆ. ರಾಜಕೀಯಶಾಸ್ತ್ರ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು. ಎಸೆಕ್ಸ್ ಒಂದನ್ನೇ ಹಿಡಿದರೆ ಕೆಲಸ ಒಂದು ಮಧ್ಯಾಹ್ನದ್ದು.

ಇದೇ ರಾಜ್ಯದ ಸಾಲುಗಳನ್ನು 1819ರಿಂದ 1820ಕ್ಕೆ ದಾಟಿಸುವಾಗ ಇನ್ನೊಂದು ಎಚ್ಚರ. 1820ರ ಮಾರ್ಚ್ 15ರವರೆಗೆ ಮೇನ್ ಪ್ರದೇಶವೂ ಮ್ಯಾಸಚೂಸೆಟ್ಸ್‌ಗೇ ಸೇರಿತ್ತು. 1812ರ ಲೆಕ್ಕದಲ್ಲಿ ಯಾರ್ಕ್, ಕಂಬರ್ಲೆಂಡ್, ಕೆನೆಬೆಕ್ ಮುಂತಾದ ಮೇನ್ ಕೌಂಟಿಗಳು ಸೇರಿವೆ. ಅವನ್ನು ತೆಗೆಯದೆ ಹೋಲಿಸಿದರೆ 1820ರಲ್ಲಿ ಮತದಾನ ಥಟ್ಟನೆ ಕುಸಿಯಿತು ಎಂಬ ಸುಳ್ಳು ಹುಟ್ಟುತ್ತದೆ.

ಇನ್ನು ‘ಯಾರು ಗೆದ್ದರು’ ಎಂಬ ಪ್ರಶ್ನೆ. 1812ರ ನ್ಯೂ ಹ್ಯಾಂಪ್‌ಶೈರ್ ಪುಟದಲ್ಲಿ ಜಾನ್ ಟೇಲರ್ ಗಿಲ್ಮನ್ ಮುಂದಿದ್ದಾರೆ, ಗವರ್ನರ್ ಆದವರು ವಿಲಿಯಂ ಪ್ಲಮರ್. 1813ರ ವರ್ಮಾಂಟ್‌ನಲ್ಲಿ ಜೋನಸ್ ಗಲುಷಾ ಮುಂದಿದ್ದಾರೆ, ಗವರ್ನರ್ ಆದವರು ಮಾರ್ಟಿನ್ ಚಿಟೆಂಡೆನ್. ಎರಡೂ ಕಡೆ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಸಿಗದೆ ಶಾಸನಸಭೆಯೇ ತೀರ್ಮಾನಿಸಿತು. 1806ರ ರೋಡ್ ಐಲೆಂಡ್‌ನಲ್ಲಿ ಇನ್ನೂ ವಿಚಿತ್ರ: ಬಹುಮತ ಯಾರಿಗೂ ಇಲ್ಲ, ಗವರ್ನರ್ ಹುದ್ದೆ ಖಾಲಿಯೇ ಉಳಿದು ಲೆಫ್ಟಿನೆಂಟ್ ಗವರ್ನರ್ ಐಸಾಕ್ ವಿಲ್ಬರ್ ಆ ವರ್ಷ ಕೆಲಸ ನಡೆಸಿದರು. 1812ರ ಲೂಸಿಯಾನಾ ಸಂವಿಧಾನದಲ್ಲಂತೂ ಜನರ ಮತ ಬರೀ ಮೊದಲ ಮೆಟ್ಟಿಲು. ಅತಿ ಹೆಚ್ಚು ಮತ ಪಡೆದ ಇಬ್ಬರಲ್ಲಿ ಒಬ್ಬರನ್ನು ಶಾಸನಸಭೆ ಆರಿಸುತ್ತಿತ್ತು. ಆ ವರ್ಷ ವಿಲಿಯಂ ಕ್ಲೇಬೋರ್ನ್ ಎರಡೂ ಕಡೆ ಮುಂದಿದ್ದರಿಂದ ತೊಡಕಾಗಲಿಲ್ಲ.

ಓಹಾಯೋ 1807 ಬೇರೆಯದೇ ಪಾಠ. ರಿಟರ್ನ್ ಜೊನಾಥನ್ ಮೆಗ್ಸ್ ಹೆಚ್ಚು ಮತ ಪಡೆದರು. ಎದುರಾಳಿ ನಥಾನಿಯಲ್ ಮ್ಯಾಸಿ ತಕರಾರು ತೆಗೆದರು: ಗವರ್ನರ್ ಆಗುವವರು ನಾಲ್ಕು ವರ್ಷದಿಂದ ರಾಜ್ಯದ ನಿವಾಸಿಯಾಗಿರಬೇಕು, ಮೆಗ್ಸ್ ನಡುವೆ ಕೇಂದ್ರ ಸರ್ಕಾರದ ಹುದ್ದೆ ಹಿಡಿದು ಹೊರಗೆ ಹೋಗಿದ್ದರು. ಶಾಸನಸಭೆ ಒಪ್ಪಿ ಮೆಗ್ಸ್ ಅನರ್ಹ ಎಂದಿತು. ಹಾಗೆಂದು ಮ್ಯಾಸಿಯೂ ಗವರ್ನರ್ ಆಗಲಿಲ್ಲ. ಸೆನೆಟ್ ಸ್ಪೀಕರ್ ಥಾಮಸ್ ಕರ್ಕರ್ ಹಂಗಾಮಿಯಾಗಿ ಮುಂದುವರಿದರು. 1810ರಲ್ಲಿ ಮೆಗ್ಸ್ ಮತ್ತೆ ನಿಂತು ಗೆದ್ದರು. ಮತಕೋಷ್ಟಕವೊಂದನ್ನೇ ನೋಡಿ ಗವರ್ನರುಗಳ ಪಟ್ಟಿ ತಯಾರಿಸಿದರೆ ಇಂಥ ಕಡೆಯಲ್ಲೆಲ್ಲ ಎಡವುತ್ತೀರಿ.

ಅರ್ಧದ ನಿಯಮ ಇಲ್ಲದ ರಾಜ್ಯಗಳಲ್ಲಿ ಕಥೆ ತಿರುಗುಮುರುಗು. ಇಲಿನಾಯ್ 1822ನ್ನು ನೋಡಿ: ಎಡ್ವರ್ಡ್ ಕೋಲ್ಸ್ 2,854, ಜೋಸೆಫ್ ಫಿಲಿಪ್ಸ್ 2,687, ಥಾಮಸ್ ಬ್ರೌನ್ 2,443, ಜೇಮ್ಸ್ ಮೂರ್ 622. ಪುಸ್ತಕದಿಂದ ಪುಸ್ತಕಕ್ಕೆ ಈ ಅಂಕಿಗಳು ಅಷ್ಟಿಷ್ಟು ಬದಲಾಗುತ್ತವೆ, ಚಿತ್ರ ಬದಲಾಗುವುದಿಲ್ಲ. ವರ್ಜೀನಿಯಾದಿಂದ ಬರುವ ದಾರಿಯಲ್ಲೇ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ್ದ ಕೋಲ್ಸ್ ಬರೀ ಮೂರನೇ ಒಂದು ಭಾಗ ಮತದಿಂದ ಗವರ್ನರ್ ಆದರು. ಗುಲಾಮಗಿರಿಯ ಪರವಿದ್ದ ಫಿಲಿಪ್ಸ್ ಮತ್ತು ಬ್ರೌನ್ ಮತಗಳನ್ನು ಕೂಡಿಸಿದರೆ 5,130. ಇಬ್ಬರೂ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶರು, ಒಬ್ಬರಿಗೊಬ್ಬರು ದಾರಿ ಬಿಡಲಿಲ್ಲ. ನ್ಯೂ ಇಂಗ್ಲೆಂಡ್ ನಿಯಮವೇ ಇಲ್ಲೂ ಇದ್ದಿದ್ದರೆ ಕೋಲ್ಸ್ ಗತಿ ಏನಾಗುತ್ತಿತ್ತೋ. ಎರಡು ವರ್ಷದ ನಂತರ, ಗುಲಾಮಗಿರಿಗೆ ಅವಕಾಶ ಕೊಡುವ ಸಂವಿಧಾನ ಸಭೆ ಬೇಕೇ ಎಂದು ಕೇಳಿದಾಗ ಜನ 6,640ಕ್ಕೆ 4,972ರಂತೆ ಬೇಡ ಎಂದರು. ಎರಡನ್ನೂ ಕೌಂಟಿವಾರು ಪಕ್ಕಪಕ್ಕ ಇಟ್ಟು ನೋಡುವುದು ಈ ತಾಣದ ಒಳ್ಳೆಯ ಉಪಯೋಗಗಳಲ್ಲೊಂದು.

ಹುಡುಕಿದರೆ ಜನರ ಮತವೇ ಸಿಗದ ರಾಜ್ಯಗಳೂ ಇವೆ. ಅದು ತಾಣದ ಕೊರತೆಯಲ್ಲ. ವರ್ಜೀನಿಯಾ, ಮೇರಿಲೆಂಡ್, ನ್ಯೂಜೆರ್ಸಿ, ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾಗಳಲ್ಲಿ ಈ ಅವಧಿಯುದ್ದಕ್ಕೂ ಗವರ್ನರನ್ನು ಆರಿಸುತ್ತಿದ್ದದ್ದು ಶಾಸನಸಭೆ. ಜಾರ್ಜಿಯಾದಲ್ಲೂ ಹಾಗೆಯೇ ಇದ್ದು, 1825ರಲ್ಲಿ ಮೊದಲ ಬಾರಿಗೆ ಜನ ಮತ ಹಾಕಿದಾಗ ಜಾರ್ಜ್ ಟ್ರೂಪ್ 683 ಮತಗಳಿಂದ ಜಾನ್ ಕ್ಲಾರ್ಕ್ ಎದುರು ಗೆದ್ದರು. ಕೆಂಟಕಿಯಲ್ಲಿ ಮೊದಲು ಎಲೆಕ್ಟರುಗಳ ಮೂಲಕ, 1800ರಿಂದ ನೇರವಾಗಿ. ಅದೂ ಚೀಟಿಯಿಲ್ಲ, ಮತದಾರ ಬಾಯಿಬಿಟ್ಟು ಹೆಸರು ಹೇಳಬೇಕಿತ್ತು. ಇನ್ನೂ ರಾಜ್ಯವಾಗದ ಟೆರಿಟರಿಗಳಿಗೆ ಗವರ್ನರನ್ನು ಅಧ್ಯಕ್ಷರೇ ನೇಮಿಸುತ್ತಿದ್ದರು. ಇಂಡಿಯಾನಾದ ನೇಮಿತ ಗವರ್ನರ್ ಥಾಮಸ್ ಪೋಸಿ, 1816ರಲ್ಲಿ ರಾಜ್ಯವಾಗುವಾಗ ಜನರ ಮುಂದೆ ನಿಂತು ಜೊನಾಥನ್ ಜೆನ್ನಿಂಗ್ಸ್ ಎದುರು 3,934ಕ್ಕೆ 5,211ರಿಂದ ಸೋತರು. ಪೆಸಿಫಿಕ್‌ವರೆಗೆ ನಡೆದು ಬಂದ ಖ್ಯಾತಿಯ ನೇಮಿತ ಗವರ್ನರ್ ವಿಲಿಯಂ ಕ್ಲಾರ್ಕ್‌ರಿಗೂ 1820ರ ಮಿಸ್ಸೂರಿಯಲ್ಲಿ ಅದೇ ಗತಿ: ಅಲೆಕ್ಸಾಂಡರ್ ಮೆಕ್‌ನೇರ್‌ಗೆ 6,576, ಅವರಿಗೆ 2,556. ನೇಮಕದ ಕುರ್ಚಿ ಮತಕ್ಕೆ ನೆರವಾಗಲಿಲ್ಲ.

ದತ್ತಾಂಶವನ್ನು ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯ ಇದೆ, ಗಂಭೀರ ಕೆಲಸಕ್ಕೆ ಅದನ್ನೇ ಬಳಸಬೇಕು. ಟ್ಯಾಬ್‌ನಿಂದ ಬೇರ್ಪಡಿಸಿದ ಪಠ್ಯ ಕಡತ. ಎಕ್ಸೆಲ್ ಆದರೂ ಸರಿ, ಬೇರೆ ತಂತ್ರಾಂಶವಾದರೂ ಸರಿ. ತೆರೆದ ಕೂಡಲೇ ಮತದ ಕಾಲಂ ಕೂಡಿಸಲು ಹೋಗಬೇಡಿ. ಪ್ರತಿ ಸಾಲು ಯಾವ ಮಟ್ಟದ್ದು, ಪಟ್ಟಣದ್ದೋ ಕೌಂಟಿಯದೋ ಎಂದು ಮೊದಲು ಬೇರ್ಪಡಿಸಿ. ಎರಡು ಮಟ್ಟ ಸೇರಿಸಿ ಕೂಡಿಸಿದರೆ ಮತ ಇಮ್ಮಡಿಯಾಗುತ್ತದೆ, ಅದೂ ಎಲ್ಲ ಕೌಂಟಿಯಲ್ಲಿ ಅಲ್ಲ, ಪಟ್ಟಣವಾರು ವಿವರ ಇದ್ದಲ್ಲಿ ಮಾತ್ರ. ಹಾಗಾಗಿ ತಪ್ಪು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ಸುಲಭದ ಪರೀಕ್ಷೆ: ಕೂಡಿಸಿದ ಮೊತ್ತವನ್ನು ಆ ಚುನಾವಣೆಯ ಪುಟದ ಮೇಲ್ತುದಿಯ ಒಟ್ಟಿನ ಜೊತೆ ತಾಳೆ ನೋಡಿ. ಕಡಿಮೆ ಬಂದರೆ ಕೆಲವು ಊರಿನ ವಿವರ ಇಲ್ಲ ಎಂದರ್ಥ, ಹೆಚ್ಚು ಬಂದರೆ ಎರಡು ಬಾರಿ ಎಣಿಸಿದ್ದೀರಿ. ಸುತ್ತು ಸೂಚಿಸುವ ಕಾಲಂ ಕೂಡ ನೋಡಿ, ಒಂದೇ ಹುದ್ದೆಗೆ ಮರುಮತದಾನ ಆಗಿದ್ದರೆ ಅದು ಬೇರೆ ಸುತ್ತು. ಖಾಲಿ ಕೋಶವನ್ನು ಸೊನ್ನೆಯಾಗಿಸಬೇಡಿ. ಖಾಲಿ ಎಂದರೆ ಅಂಕಿ ಸಿಕ್ಕಿಲ್ಲ, ಸೊನ್ನೆ ಎಂದರೆ ಮತ ಬಿದ್ದಿಲ್ಲ. ಎಷ್ಟೋ ತಂತ್ರಾಂಶಗಳು ಕೇಳದೆಯೇ ಒಂದನ್ನು ಇನ್ನೊಂದಾಗಿಸುತ್ತವೆ.

ಚಲಾಯಿಸಿದ ಮತ ಬೇರೆ, ಲೆಕ್ಕಕ್ಕೆ ಸೇರಿದ ಮತ ಬೇರೆ ಎಂಬುದಕ್ಕೆ ನ್ಯೂಯಾರ್ಕಿನ 1792ರ ಪುಟ ಸಾಕ್ಷಿ, ಸ್ವಲ್ಪ ಹಿಂದಿನದಾದರೂ ತಾಣದ ಅವಧಿಯೊಳಗೇ ಇದೆ. ಪೆಟ್ಟಿಗೆಗಳನ್ನು ಷೆರಿಫ್ ತಲುಪಿಸಬೇಕಿತ್ತು. ಒಟ್ಸೆಗೊ ಕೌಂಟಿಯ ಷೆರಿಫ್‌ನ ಅವಧಿ ಮುಗಿದಿತ್ತು ಎಂಬ ಕಾರಣಕ್ಕೆ, ಟಯೋಗಾ ಮತ್ತು ಕ್ಲಿಂಟನ್ ಕೌಂಟಿಗಳದ್ದು ಸರಿಯಾದ ಅಧಿಕಾರವಿಲ್ಲದವರ ಕೈಯಿಂದ ಬಂತು ಎಂಬ ಕಾರಣಕ್ಕೆ ಎಣಿಕೆ ಸಮಿತಿ ಮೂರೂ ಕೌಂಟಿಗಳ ಮತವನ್ನು ತಳ್ಳಿಹಾಕಿತು. ಜಾರ್ಜ್ ಕ್ಲಿಂಟನ್ 8,440, ಜಾನ್ ಜೇ 8,332. 108 ಮತಗಳ ಅಂತರದಲ್ಲಿ ಕ್ಲಿಂಟನ್ ಗವರ್ನರ್. ಮೂರು ಕೌಂಟಿ ಬಿಟ್ಟ ಈ ಒಟ್ಟನ್ನು ರಾಜ್ಯದ ಜನಾಭಿಪ್ರಾಯ ಎಂದು ಬಳಸುವುದು ಸರಿಯಲ್ಲ.

ಒಟ್ಟಾರೆ ಅಂಕ ಕೊಡಬೇಕೆಂದರೆ, ಅಂಕಿಗಳ ಆಳಕ್ಕೆ ಐದಕ್ಕೆ ಐದು, ಮೂಲದ ಉಲ್ಲೇಖಕ್ಕೂ ಐದು, ಪಕ್ಷಗಳ ಕಾಲಂಗೆ ಮೂರು, ಹೊಸಬರಿಗೆ ದಾರಿ ತೋರುವುದಕ್ಕೆ ಎರಡು. ರಾಜ್ಯದ ನಿಯಮ, ಮತದಾರರ ಅರ್ಹತೆ, ಚುನಾವಣೆಯ ದಿನ ಇವನ್ನು ಪ್ರತಿ ಪುಟದ ತಲೆಯಲ್ಲಿ ನಾಲ್ಕು ಸಾಲಿನಲ್ಲಿ ಕೊಟ್ಟಿದ್ದರೆ ಮೇಲಿನ ಅರ್ಧದಷ್ಟು ಎಚ್ಚರಿಕೆ ಬೇಕಿರಲಿಲ್ಲ. ನಕ್ಷೆ ಬೇಕೆಂದರೆ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಅರ್ಲಿ ಅಮೆರಿಕನ್ ಎಲೆಕ್ಷನ್ಸ್’ ಇದೇ ದತ್ತಾಂಶದಿಂದ ಕೌಂಟಿ ನಕ್ಷೆಗಳನ್ನು ಮಾಡಿದೆ, ಆದರೆ ಅದು ಕಾಂಗ್ರೆಸ್ ಚುನಾವಣೆಗಳಿಗೆ. ಗವರ್ನರ್ ನಕ್ಷೆ ಬೇಕಾದವರು ತಾವೇ ಬಿಡಿಸಿಕೊಳ್ಳಬೇಕು. ಬಿಡಿಸುವಾಗ ಈಗಿನ ಕೌಂಟಿ ಗಡಿ ಬಳಸಬೇಡಿ, ಆ ಚುನಾವಣೆಯ ತಾರೀಖಿನಂದು ಇದ್ದ ಗಡಿಯ ಕಡತ ತೆಗೆದುಕೊಳ್ಳಿ. ನ್ಯೂಯಾರ್ಕ್, ಓಹಾಯೋಗಳಲ್ಲಿ ದೊಡ್ಡ ಕೌಂಟಿಗಳನ್ನು ಒಡೆದು ಹೊಸದನ್ನು ಮಾಡುವುದು ಆಗ ಮೇಲಿಂದ ಮೇಲೆ ನಡೆಯುತ್ತಿತ್ತು. ಹೆಸರು ಅದೇ ಉಳಿದರೂ ನೆಲ ಅರ್ಧವಾಗಿರುತ್ತದೆ.